ಹಿರಿಯರ ಸೇವೆಯೆಂದರೆ ಅವರ ಕೈ ಕಟ್ಟುವುದಲ್ಲ

(ಪೀಣ್ಯ ಪರಿಸರದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈಟ್‌ಫೀಲ್ಡ್‌ಗೆ ಹೋಗಿರಿ, ಎಲೆಕ್ಟ್ರಾನಿಕ್ ಸಿಟಿಗೆ ಹೋಗಿರಿ, ಅಥವಾ ನಾವು ಸೇರಿರುವ ಈ ಪೀಣ್ಯದ ಸುತ್ತಲಿನ ಬಡಾವಣೆಗಳಲ್ಲೇ ಒಂದು ಸುತ್ತು ಬನ್ನಿರಿ. ‘ಮಾಂಟೆಸ್ಸರಿ’ ಎಂಬ ಫಲಕವೊಂದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಮ್ಮಲ್ಲಿ ಅನೇಕರು ಹೊಟ್ಟೆ ಬಟ್ಟೆ ಕಟ್ಟಿಯಾದರೂ ಮಕ್ಕಳನ್ನು ಅಂತಹ ಶಾಲೆಗೆ ಸೇರಿಸುತ್ತೇವೆ. ಅಲ್ಲಿ ಮೂರು ವರ್ಷದ ಮಗುವೊಂದು ಪುಟ್ಟ ಹೂಜಿಯಿಂದ ಲೋಟಕ್ಕೆ ನೀರು ಸುರಿಯುತ್ತದೆ. ನೀರು ಚೆಲ್ಲಿದರೆ ಶಿಕ್ಷಕಿ ಗದರಿಸುವುದಿಲ್ಲ. ಒರೆಸುವ ಬಟ್ಟೆ ಎಲ್ಲಿದೆಯೆಂದು ತೋರಿಸುತ್ತಾರೆ. ಮಗು ತಾನೇ ಒರೆಸುತ್ತದೆ, ಮತ್ತೆ ಸುರಿಯುತ್ತದೆ. ಅದನ್ನು ಕಂಡು ನಾವು ಹೆಮ್ಮೆ ಪಡುತ್ತೇವೆ.

ಅದೇ ಮಗುವನ್ನು ಕರೆದುಕೊಂಡು ನಾವು ಮನೆಗೆ ಬರುತ್ತೇವೆ. ಮನೆಯಲ್ಲಿ ಎಪ್ಪತ್ತೈದರ ಅಜ್ಜ ನೀರಿನ ಹೂಜಿಗೆ ಕೈ ಹಾಕುತ್ತಾರೆ. ತಕ್ಷಣ ನಮ್ಮ ಬಾಯಿಯಿಂದ ಹೊರಡುವ ಮಾತು ಯಾವುದು? “ಬೇಡ ಅಬ್ಬಾ, ಚೆಲ್ಲುತ್ತೀರಿ. ನೀವು ಸುಮ್ಮನೆ ಕೂತುಕೊಳ್ಳಿ.” ಈ ಮಾತಿನಲ್ಲಿ ಪ್ರೀತಿ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮೂರರ ಮಗುವಿಗೆ ನಾವು ಕೊಟ್ಟಿರುವ ಹಕ್ಕನ್ನು ಎಪ್ಪತ್ತೈದರ ಹಿರಿಯರಿಂದ ಕಸಿದುಕೊಂಡಿದ್ದೇವೆ ಎಂಬುದು ವಾಸ್ತವ. ಮರೆವಿನ ಕಾಯಿಲೆಗೆ, ಅಂದರೆ ಡಿಮೆನ್ಶಿಯಾಕ್ಕೆ ಒಳಗಾದ ಹಿರಿಯರ ವಿಷಯದಲ್ಲಂತೂ ನಾವು ಇದನ್ನು ದಿನಕ್ಕೆ ಹತ್ತು ಬಾರಿ ಮಾಡುತ್ತೇವೆ, ಮತ್ತು ಅದನ್ನೇ ಸೇವೆಯೆಂದು ಭಾವಿಸುತ್ತೇವೆ. ಇಂದು ನಾವು ನಿಮ್ಮ ಮುಂದಿಡಬಯಸುವ ವಿಷಯ ಇದುವೇ.

ಇದು ಯಾರದೋ ಮನೆಯ ಕಥೆಯಲ್ಲ

ಇದು ಸಿರಿವಂತರ ಕಾಯಿಲೆ, ಪಾಶ್ಚಾತ್ಯರ ಕಾಯಿಲೆ ಎಂಬ ಭ್ರಮೆ ನಮ್ಮಲ್ಲಿದೆ. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇಕಡಾ 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನರು ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ, ಓದಿದವರಿಗಿಂತ ಶಾಲೆಯ ಮೆಟ್ಟಿಲು ಹತ್ತದವರಲ್ಲಿ ಇದು ಹೆಚ್ಚು. ನಮ್ಮ ತಾಯಂದಿರ ತಲೆಮಾರಿನಲ್ಲಿ ಎಷ್ಟು ಮಂದಿ ಶಾಲೆಗೆ ಹೋದವರಿದ್ದಾರೆಂದು ಲೆಕ್ಕ ಹಾಕಿ ನೋಡಿದರೆ ಇದು ನಮ್ಮನ್ನು ಎಷ್ಟು ತಟ್ಟುತ್ತದೆಂಬುದು ಅರ್ಥವಾಗುತ್ತದೆ.

ನಾವು ವಾಸಿಸುವ ಈ ಪ್ರದೇಶದ ಪ್ರಾಯವನ್ನೂ ಗಮನಿಸಬೇಕು. ಪೀಣ್ಯ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ರೂಪುಗೊಂಡಿತು. ಆರ್. ಕೆ. ಬಾಳಿಗರ ಕನಸಿನ ಎಲೆಕ್ಟ್ರಾನಿಕ್ ಸಿಟಿಗೆ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಅಡಿಪಾಯ ಹಾಕಿತು. ಅಂದು ಇಪ್ಪತ್ತೈದರ ಹರೆಯದಲ್ಲಿ ಊರು ಬಿಟ್ಟು ಬಂದು ಲೇತ್ ಯಂತ್ರದ ಮುಂದೆ ನಿಂತ ಯುವಕರು ಇಂದು ಎಪ್ಪತ್ತು ದಾಟಿದ್ದಾರೆ. ಇನ್ನೊಂದೆಡೆ, 1998ರಲ್ಲಿ ವೈಟ್‌ಫೀಲ್ಡ್‌ನಲ್ಲಿ ಟೆಕ್ ಪಾರ್ಕ್ ತೆರೆದ ನಂತರ ಐಟಿ ಉದ್ಯೋಗಕ್ಕೆ ಬಂದ ಮಕ್ಕಳು ರಾಮನಗರ, ಶಿಡ್ಲಘಟ್ಟ, ಕೋಲಾರ, ಮಂಗಳೂರುಗಳಿಂದ ತಮ್ಮ ಹೆತ್ತವರನ್ನೂ ಕರೆತಂದು ಬಹುಮಹಡಿ ಕಟ್ಟಡಗಳ ಮನೆಗಳಲ್ಲಿ ಇರಿಸಿದ್ದಾರೆ. ಊರಿನಲ್ಲಾಗಿದ್ದರೆ ದಾರಿ ತಪ್ಪಿದ ಮುದುಕರನ್ನು ಅಂಗಡಿಯವರು ಕೈ ಹಿಡಿದು ಮನೆಗೆ ತಲುಪಿಸುತ್ತಿದ್ದರು. ಇಲ್ಲಿ ಲಿಫ್ಟ್‌ನ ಗುಂಡಿ ಯಾವುದೆಂದು ಮರೆತರೆ ತಿಳಿಸುವವರಿಲ್ಲ. ಆದುದರಿಂದ ಮಕ್ಕಳು ಏನು ಮಾಡುತ್ತಾರೆ? ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಾರೆ.

ಮರೆವು ಮುದಿತನದ ಸಹಜ ಲಕ್ಷಣವೆಂದು ನಾವು ತಿಳಿದಿದ್ದೇವೆ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಸಹಜ. ಕನ್ನಡಕ ಯಾತಕ್ಕೆಂಬುದೇ ಮರೆತುಹೋದರೆ ಅದು ಕಾಯಿಲೆ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ ಮೊದಲ ಬಾರಿಗೆ ವಿವರಿಸಿದ, ಮುಂದೆ ಅವರ ಹೆಸರನ್ನೇ ಪಡೆದ ಕಾಯಿಲೆಯು ಡಿಮೆನ್ಶಿಯಾಕ್ಕೆ ಅತಿ ದೊಡ್ಡ ಕಾರಣ. ಮೆದುಳಿನ ರಕ್ತನಾಳಗಳಿಗೆ ಹಾನಿಯಾಗುವುದು ಇನ್ನೊಂದು ಕಾರಣ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಮುಂತಾದವುಗಳಿಂದಲೂ ಇಂತಹದೇ ಲಕ್ಷಣಗಳು ಕಾಣಿಸಿಕೊಳ್ಳುವುದುಂಟು, ಮತ್ತು ಅವುಗಳಿಗೆ ಚಿಕಿತ್ಸೆಯಿದೆ. ಆದುದರಿಂದ ಮೊದಲು ವೈದ್ಯರನ್ನು ಕಾಣಬೇಕು.

ಆದರೆ ನಾವು ಮೊದಲು ಕಾಣುವುದು ಯಾರನ್ನು? ಇದನ್ನು ಬೇರೆಯವರನ್ನು ದೂಷಿಸುವುದಕ್ಕಾಗಿ ಹೇಳುತ್ತಿಲ್ಲ, ನಮ್ಮ ಮನೆಯಲ್ಲೇ ನಡೆದುದನ್ನು ಹೇಳುತ್ತಿದ್ದೇವೆ.

ನಮ್ಮ ಮನೆಯಲ್ಲಿ ನಡೆದುದು

ನಮ್ಮ ತಂದೆಯವರು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟರ್ನರ್ ಆಗಿದ್ದವರು. ಎಪ್ಪತ್ತು ದಾಟಿದ ಬಳಿಕ ನಮಾಝ್‌ನಲ್ಲಿ ರಕ್‌ಅತ್‌ಗಳ ಲೆಕ್ಕ ತಪ್ಪತೊಡಗಿತು. ತಾವೇ ಎಲ್ಲೋ ಇಟ್ಟ ಹಣವನ್ನು ಸೊಸೆ ಕದ್ದಳೆಂದರು. ಒಂದು ದಿನ, ಮೂವತ್ತು ವರ್ಷ ನಡೆದ ದಾರಿಯಲ್ಲೇ ಮಸೀದಿಯಿಂದ ಮನೆಗೆ ಬರಲಾಗದೆ ಮೆಟ್ರೋ ನಿಲ್ದಾಣದ ಕೆಳಗೆ ಕುಳಿತಿದ್ದರು. ಮಾಟವೆಂದು ಒಬ್ಬರು ಹೇಳಿದರು. ಜಿನ್ನ್‌ನ ಉಪಟಳವೆಂದು ಇನ್ನೊಬ್ಬರು ಹೇಳಿದರು. ತಾಯಿತ ಬಂತು, ಮಂತ್ರಿಸಿದ ನೀರು ಬಂತು, ಊದಿಸುವುದಕ್ಕಾಗಿ ಮೂರು ಜಿಲ್ಲೆ ಸುತ್ತಿದ್ದಾಯಿತು. ಹೀಗೆ ಒಂದು ವರ್ಷ ಕಳೆಯಿತು. ಆ ವರ್ಷವಿಡೀ ಅವರ ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ನಾವು ಸರಿಯಾಗಿ ನೋಡಿಕೊಳ್ಳಲಿಲ್ಲ. ಆ ಒಂದು ವರ್ಷದ ಕುರಿತು ನಮಗೆ ಇಂದಿಗೂ ಪಶ್ಚಾತ್ತಾಪವಿದೆ.

ಕೊನೆಗೆ ವೈದ್ಯರು ಕಾಯಿಲೆಯ ಹೆಸರು ಹೇಳಿದ ಮೇಲೆ ನಾವು ಇನ್ನೊಂದು ತಪ್ಪು ಮಾಡಿದೆವು. ಅವರ ಕೈಯಿಂದ ಎಲ್ಲವನ್ನೂ ತೆಗೆದೆವು. ಬೀಗದ ಕೈ, ಸ್ಕೂಟರ್, ಹಣದ ಚೀಲ, ಕ್ಷೌರದ ಬ್ಲೇಡು, ಸ್ಕ್ರೂಡ್ರೈವರ್ ಇದ್ದ ಪೆಟ್ಟಿಗೆ ಎಲ್ಲವೂ ಅಟ್ಟಕ್ಕೆ ಹೋದವು. ಅವರಿಗಾಗಿ ಮೆತ್ತನೆಯ ಕುರ್ಚಿ ತಂದೆವು, ಟಿವಿ ಹಾಕಿದೆವು. ಊಟವನ್ನು ಕೈಗೆ ಕೊಟ್ಟೆವು, ಆಮೇಲೆ ಬಾಯಿಗೇ ಕೊಟ್ಟೆವು. ಜನರು ನಮ್ಮನ್ನು ಒಳ್ಳೆಯ ಮಕ್ಕಳೆಂದು ಹೊಗಳಿದರು. ಆದರೆ ಪ್ರತಿದಿನ ಸಾಯಂಕಾಲ ನಾಲ್ಕು ಗಂಟೆಯಾಗುತ್ತಲೇ ಅವರು ಎದ್ದು ಬಾಗಿಲ ಚಿಲಕ ಜಗ್ಗುತ್ತಿದ್ದರು. “ಶಿಫ್ಟ್ ಇದೆ, ಬಿಡಿ” ಎನ್ನುತ್ತಿದ್ದರು. ಕಾರ್ಖಾನೆಯ ಕೆಲಸ ಬಿಟ್ಟು ಹತ್ತು ವರ್ಷವಾಯಿತೆಂದು ನಾವು ಹೇಳುತ್ತಿದ್ದೆವು. ಅವರು ಕೂಗಾಡುತ್ತಿದ್ದರು, ನಾವೂ ಕೂಗುತ್ತಿದ್ದೆವು. ಮಕ್ಕಳು ಹೆದರಿ ಕೋಣೆ ಸೇರುತ್ತಿದ್ದರು.

ಅವರ ಶುಶ್ರೂಷೆಗೆ ಕೆಲವು ದಿನ ಬಂದಿದ್ದ ನರ್ಸ್ ಸಹೋದರಿಯೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು: “ಇವರು ಕೈಯಿಂದ ಏನು ಕೆಲಸ ಮಾಡುತ್ತಿದ್ದವರು?” ಅದುವರೆಗೆ ಅವರು ಏನನ್ನು ಮರೆತಿದ್ದಾರೆಂದು ಕೇಳಿದವರೇ ಎಲ್ಲರೂ. ಅವರಿಗೆ ಏನು ಗೊತ್ತಿದೆಯೆಂದು ಕೇಳಿದವರು ಅವರೊಬ್ಬರೇ.

ಮಾಂಟೆಸ್ಸರಿ ಪದ್ಧತಿಯ ಹುಟ್ಟು

ಆ ಪ್ರಶ್ನೆಯ ಹಿಂದೆ ಒಂದು ದೊಡ್ಡ ಇತಿಹಾಸವಿದೆಯೆಂದು ನಮಗೆ ಆಮೇಲೆ ತಿಳಿಯಿತು. ಮರಿಯಾ ಮಾಂಟೆಸ್ಸರಿ 1870ರಲ್ಲಿ ಇಟಲಿಯಲ್ಲಿ ಜನಿಸಿದ ವೈದ್ಯೆ. ಬುದ್ಧಿಮಾಂದ್ಯರೆಂದು ಸಮಾಜವು ಕೈಬಿಟ್ಟಿದ್ದ ಮಕ್ಕಳೊಂದಿಗೆ ಅವರು ಮೊದಲು ಕೆಲಸ ಮಾಡಿದರು. ಕೈಗೆ ತಕ್ಕ ಕೆಲಸ ಕೊಟ್ಟರೆ ಆ ಮಕ್ಕಳೂ ಕಲಿಯುತ್ತಾರೆಂದು ಕಂಡುಕೊಂಡರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಝೊ ಎಂಬ ಕಾರ್ಮಿಕರ ಕೇರಿಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು. ಅದನ್ನು ತೆರೆಯಲು ಕಾರಣವೇನು ಗೊತ್ತೇ? ತಂದೆತಾಯಿ ಇಬ್ಬರೂ ದುಡಿಯಲು ಹೋದಾಗ ಆ ಕಟ್ಟಡಗಳಲ್ಲಿ ಮಕ್ಕಳು ಒಂಟಿಯಾಗಿ ಉಳಿಯುತ್ತಿದ್ದರು, ಗೋಡೆ ಮೆಟ್ಟಿಲುಗಳನ್ನು ಹಾಳು ಮಾಡುತ್ತಿದ್ದರು. ಇಂದು ದುಬಾರಿ ಶುಲ್ಕದ ಶಾಲೆಗಳ ಹೆಸರಾಗಿರುವ ಈ ಪದ್ಧತಿಯು ಹುಟ್ಟಿದ್ದು ಬಡ ಕಾರ್ಮಿಕರ ಮಕ್ಕಳಿಗಾಗಿ. ದುಡಿಯುವವರು ಹೊರಗೆ ಹೋದ ಮೇಲೆ ಕಟ್ಟಡದಲ್ಲಿ ಒಂಟಿಯಾಗಿ ಉಳಿಯುವವರು ಇಂದು ನಮ್ಮಲ್ಲಿ ಯಾರು? ನಮ್ಮ ಹಿರಿಯರು.

ಮಾಂಟೆಸ್ಸರಿಯವರು 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಇಟಲಿಯ ಪ್ರಜೆಯೆಂಬ ಕಾರಣಕ್ಕೆ ಬ್ರಿಟಿಷ್ ಸರಕಾರವು ಅವರ ಮೇಲೆ ನಿರ್ಬಂಧ ಹೇರಿತು. 1946ರವರೆಗೆ ಅವರು ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ನೀಡಿದರು. ನಮ್ಮ ಬೀದಿಯ ಫಲಕಗಳ ಬೇರು ಅಲ್ಲಿದೆ.

ಈ ಪದ್ಧತಿಯನ್ನು ಮರೆವಿನ ಹಿರಿಯರತ್ತ ತಿರುಗಿಸಿದವರಲ್ಲಿ ಪ್ರಮುಖರು ಅಮೆರಿಕದ ಮನೋವಿಜ್ಞಾನಿ ಕ್ಯಾಮರಾನ್ ಕ್ಯಾಂಪ್. 1990ರ ದಶಕದಲ್ಲಿ ಓಹಾಯೋ ರಾಜ್ಯದಲ್ಲಿ ಅವರು ಮತ್ತು ಅವರ ಸಂಗಡಿಗರು ಹಿರಿಯರ ಆರೈಕೆ ಕೇಂದ್ರಗಳಲ್ಲಿ ಈ ಪ್ರಯೋಗ ನಡೆಸಿದರು. ಇದರ ಹಿಂದಿನ ತರ್ಕ ಸರಳ. ನೆನಪೆಂಬುದು ಒಂದೇ ಪೆಟ್ಟಿಗೆಯಲ್ಲ. ಬೆಳಿಗ್ಗೆ ಏನು ತಿಂದೆನೆಂಬ ನೆನಪು ಒಂದು ಬಗೆ, ಚಪಾತಿ ಲಟ್ಟಿಸುವ ಕೈಯ ನೆನಪು ಇನ್ನೊಂದು ಬಗೆ. ಆಲ್‌ಝೈಮರ್ ಕಾಯಿಲೆ ಮೊದಲು ಹಾನಿ ಮಾಡುವುದು ಮೊದಲನೆಯ ಬಗೆಯನ್ನು. ಅಭ್ಯಾಸದಿಂದ ಕೈಗೆ ಬಂದ ಕೆಲಸ, ಬಾಲ್ಯದಲ್ಲಿ ಕಲಿತ ಓದು, ಲಯಬದ್ಧವಾಗಿ ಬಾಯಿಪಾಠವಾದ ಪ್ರಾರ್ಥನೆ ಇವು ಬಹುಕಾಲ ಉಳಿಯುತ್ತವೆ. ಮಗನ ಹೆಸರು ಮರೆತ ತಾಯಿ ಫಾತಿಹಾ ಅಧ್ಯಾಯವನ್ನು ತಡೆಯಿಲ್ಲದೆ ಓದುವುದನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿಲ್ಲ? ಅಳಿದುಹೋದುದರ ಮುಂದೆ ನಿಂತು ಹಲುಬುವ ಬದಲು ಉಳಿದಿರುವುದರ ಮೇಲೆ ದಿನಚರಿಯನ್ನು ಕಟ್ಟಬೇಕೆಂಬುದೇ ಈ ಪದ್ಧತಿಯ ತಿರುಳು.

ಹುಸಿ ಕೆಲಸ ನಡೆಯುವುದಿಲ್ಲ

ಮತ್ತೆ ನಮ್ಮ ತಂದೆಯವರ ವಿಷಯಕ್ಕೆ ಬರೋಣ. ನರ್ಸ್ ಹೇಳಿದಂತೆ ನಾವು ಒಂದು ತಟ್ಟೆಯ ತುಂಬಾ ಬೇರೆ ಬೇರೆ ಅಳತೆಯ ಬೋಲ್ಟು ನಟ್ಟುಗಳನ್ನು ಬೆರೆಸಿ ಅವರ ಮುಂದಿಟ್ಟೆವು. ಅಟ್ಟದಿಂದ ಅವರ ವರ್ನಿಯರ್ ಕ್ಯಾಲಿಪರ್ ಕೂಡ ಕೆಳಗೆ ಬಂತು. ಅವರು ಅದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸರಿಸಿ ಬೆಳಕಿಗೆ ಹಿಡಿದು ನೋಡಿದರು. ಮಗನನ್ನು ಗುರುತಿಸಲು ತಡವರಿಸುತ್ತಿದ್ದವರು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಅಳತೆಯ ಪ್ರಕಾರ ಬೇರ್ಪಡಿಸಿದರು. ನಾಲ್ಕು ಗಂಟೆ ಕಳೆದುಹೋದುದು ಯಾರಿಗೂ ತಿಳಿಯಲಿಲ್ಲ.

ನಾವು ಬಹಳ ಸಂತೋಷಪಟ್ಟೆವು. ಆ ರಾತ್ರಿ ಎಲ್ಲವನ್ನೂ ಮತ್ತೆ ಬೆರೆಸಿಟ್ಟೆವು. ಮರುದಿನ ಬೇರ್ಪಡಿಸಿದರು. ನಾಲ್ಕನೆಯ ದಿನ ತಟ್ಟೆಯನ್ನು ನೋಡಿದವರೇ ದೂರ ತಳ್ಳಿದರು. “ಇದನ್ನು ಮಾಡಿ ಕೊಟ್ಟಿದ್ದೇನಲ್ಲ. ನನ್ನನ್ನು ಹುಚ್ಚನೆಂದುಕೊಂಡಿರಾ?” ಎಂದರು. ಅವರು ಅದನ್ನು ನೆನಪಿಟ್ಟುಕೊಂಡಿದ್ದರೋ, ನಮ್ಮ ಮುಖ ನೋಡಿ ಅರಿತುಕೊಂಡರೋ ನಾವರಿಯೆವು. ನಾವು ತಲೆ ತಗ್ಗಿಸಿದೆವು.

ಆ ಮೇಲೆ ಪರಿಚಯದ ಸಣ್ಣ ವರ್ಕ್‌ಶಾಪ್ ನಡೆಸುವ ಸಹೋದರರೊಬ್ಬರನ್ನು ಕೇಳಿಕೊಂಡೆವು. ಅವರಲ್ಲಿ ನಿಜವಾಗಿಯೂ ಬೆರೆತುಹೋದ ಮಾಲಿನ ರಾಶಿಯಿತ್ತು. ವಾರಕ್ಕೆರಡು ಬಾರಿ ಒಂದು ಚೀಲ ಕಳುಹಿಸತೊಡಗಿದರು. ತಂದೆಯವರು ಬೇರ್ಪಡಿಸಿದ ಮಾಲು ವರ್ಕ್‌ಶಾಪ್‌ಗೆ ಹೋಗಿ ಬಳಕೆಯಾಗುತ್ತಿತ್ತು. ಅದನ್ನು ಹೊತ್ತು ತರುವ, ಕೊಂಡೊಯ್ಯುವ ಶ್ರಮ ನಮ್ಮದಾಯಿತು. ಹುಸಿ ಕೆಲಸ ಕೊಡುವುದು ಸುಲಭ, ನಿಜವಾದ ಕೆಲಸ ಹುಡುಕುವುದು ಕಷ್ಟ. ಆದರೆ ಮನುಷ್ಯನಿಗೆ ಬೇಕಾಗಿರುವುದು ತಾನು ಯಾರಿಗೋ ಬೇಕಾಗಿದ್ದೇನೆಂಬ ಅರಿವು. ಅದು ಮರೆವಿನ ಕಾಯಿಲೆಯಿಂದ ಅಳಿಯುವುದಿಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇದರಿಂದ ಅವರ ಕಾಯಿಲೆ ವಾಸಿಯಾಯಿತೆಂದು ನಾವು ಹೇಳಿದರೆ ಅದು ಸುಳ್ಳಾಗುತ್ತದೆ. ಒಂದೂವರೆ ವರ್ಷದ ನಂತರ ಅಳತೆಗಳು ಅವರ ಕೈ ತಪ್ಪಿದವು. ಆಗ ಎಣ್ಣೆ ಬಟ್ಟೆಯಿಂದ ಬೋಲ್ಟುಗಳನ್ನು ಒರೆಸುವ ಕೆಲಸ ಕೊಟ್ಟೆವು. ಕೊನೆಯ ತಿಂಗಳುಗಳಲ್ಲಿ ಕ್ಯಾಲಿಪರನ್ನು ಸುಮ್ಮನೆ ಕೈಯಲ್ಲಿ ಹಿಡಿದಿರುತ್ತಿದ್ದರು. ಈ ಪದ್ಧತಿಯಿಂದ ಹಿರಿಯರು ಚಟುವಟಿಕೆಯಲ್ಲಿ ಹೆಚ್ಚು ತೊಡಗುತ್ತಾರೆ, ಊಟದ ವಿಷಯದಲ್ಲಿ ಸುಧಾರಣೆ ಕಾಣುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಕಳೆದುಹೋದ ನೆನಪು ಮರಳಿ ಬರುತ್ತದೆಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ಹಾಗೆ ಭರವಸೆ ಕೊಟ್ಟು ಹಣ ಕೇಳುವವರಿಂದ ದೂರವಿರಿ.

ಮನೆಯಲ್ಲಿ ಮಾಡಬಹುದಾದುದು

ಸಹೋದರಿಯರು ಕೇಳಬಹುದು, “ನಮ್ಮ ಅತ್ತೆ ಕಾರ್ಖಾನೆಯಲ್ಲಿ ದುಡಿದವರಲ್ಲ, ಅವರಿಗೇನು ಕೊಡುವುದು?” ಅವರು ಜೀವಮಾನವಿಡೀ ದುಡಿದವರೇ. ಅವರೆಕಾಯಿಯ ಕಾಲದಲ್ಲಿ ಒಂದು ಪಾತ್ರೆ ನೆನೆಸಿದ ಕಾಳನ್ನು ಅವರ ಮುಂದಿಡಿ. ಬೆರಳಿನಿಂದ ಹಿಚುಕಿದರೆ ಬೇಳೆ ಹೊರಬರುತ್ತದೆ, ಸಿಪ್ಪೆ ಕೈಯಲ್ಲುಳಿಯುತ್ತದೆ. ತಪ್ಪಾಗಿದ್ದರೆ ಕಣ್ಣಿಗೇ ಕಾಣುತ್ತದೆ, ಇನ್ನೊಬ್ಬರು ತಿದ್ದಬೇಕಾಗಿಲ್ಲ. ಮಾಂಟೆಸ್ಸರಿ ಸಲಕರಣೆಗಳ ಗುಣವೂ ಇದೇ. ಆ ಹಿತಕಿದ ಬೇಳೆಯ ಸಾರು ಅಂದು ರಾತ್ರಿ ಎಲ್ಲರ ತಟ್ಟೆಗೆ ಬರಬೇಕು, “ಇದು ದಾದಿ ಬಿಡಿಸಿದ ಬೇಳೆ” ಎಂದು ಮಕ್ಕಳು ಹೇಳಬೇಕು. ಬೆಳ್ಳುಳ್ಳಿ ಸುಲಿಯುವುದು, ಅಕ್ಕಿ ಆರಿಸುವುದು, ಒಣಗಿದ ಬಟ್ಟೆ ಮಡಚುವುದು, ಹೂ ಕಟ್ಟುವುದು ಇವೆಲ್ಲವೂ ಆಗುತ್ತದೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆದವರಿಗೆ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಲು ಕೊಡಿ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡಿದ ಕೈಗೆ ನಯವಾದ ಮರದ ತುಂಡು ಮತ್ತು ಹೊಳಪು ಕೊಡುವ ಬಟ್ಟೆ ಕೊಡಿ.

ಮಾಡುವ ಕ್ರಮವೂ ಮುಖ್ಯ. ಅಪ್ಪಣೆ ಕೊಡಬೇಡಿ, ಸಹಾಯ ಕೇಳಿ. “ಅಮ್ಮೀ, ನನಗೆ ಸ್ವಲ್ಪ ನೆರವಾಗುತ್ತೀರಾ?” ಎಂಬ ಮಾತಿಗೆ ಇಲ್ಲವೆನ್ನುವ ತಾಯಂದಿರು ಕಡಿಮೆ. ಮೊದಲು ನೀವು ನಿಧಾನವಾಗಿ ಮಾಡಿ ತೋರಿಸಿ, ತೋರಿಸುವಾಗ ಮಾತನಾಡಬೇಡಿ. ಒಂದೇ ಬಾರಿಗೆ ಕೈಯನ್ನೂ ಕಿವಿಯನ್ನೂ ಹಿಂಬಾಲಿಸುವುದು ಅವರಿಗೆ ಕಷ್ಟ. ಒಂದು ಸಲಕ್ಕೆ ಒಂದೇ ಹೆಜ್ಜೆ ಸಾಕು. ಏನು ಬೇಕೆಂದು ಕೇಳುವ ಬದಲು ಎರಡು ಅಂಗಿ ಹಿಡಿದು ಯಾವುದು ಬೇಕೆಂದು ಕೇಳಿ. ಕೆಲಸ ಅರ್ಧಕ್ಕೆ ಬಿಟ್ಟರೆ ಬಿಡಲಿ. ತಪ್ಪಾದರೆ ಎಲ್ಲರೆದುರು ತಿದ್ದಬೇಡಿ.

ಮನೆಯನ್ನೂ ಸಿದ್ಧಪಡಿಸಬೇಕು. ಮರೆವಿನ ನಡುವೆಯೂ ಓದುವ ಶಕ್ತಿ ಬಹುಕಾಲ ಉಳಿಯುತ್ತದೆ. ಸ್ನಾನದ ಮನೆ, ಅಡುಗೆ ಮನೆ, ಮಲಗುವ ಕೋಣೆಗಳ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿ. ಆದರೆ ಯಾವ ಲಿಪಿಯಲ್ಲಿ? ಅವರು ಬಾಲ್ಯದಲ್ಲಿ ಕಲಿತ ಲಿಪಿಯಲ್ಲಿ, ಉರ್ದುವಾದರೆ ಉರ್ದು, ಕನ್ನಡವಾದರೆ ಕನ್ನಡ. ಓದು ಬಾರದವರಿಗೆ ಚಿತ್ರ. ವುಝೂವಿನ ಹೆಜ್ಜೆಗಳನ್ನು ಕ್ರಮವಾಗಿ ನಲ್ಲಿಯ ಮೇಲ್ಗಡೆ ಅಂಟಿಸಿದರೆ ಅನೇಕರು ಇನ್ನೊಬ್ಬರ ನೆರವಿಲ್ಲದೆ ಪೂರೈಸಬಲ್ಲರು. ಪದೇ ಪದೇ ಒಂದೇ ಪ್ರಶ್ನೆ ಕೇಳುವವರಿಗೆ ಇನ್ನೊಂದು ಉಪಾಯವಿದೆ. “ಕನ್ನಡಕ ಎಲ್ಲಿದೆ? ಜೇಬಿನಲ್ಲಿ” ಎಂದು ಹೇಳಿಕೊಟ್ಟು ಅರ್ಧ ನಿಮಿಷದ ಬಳಿಕ ಕೇಳಿ, ಆಮೇಲೆ ಒಂದು ನಿಮಿಷ, ಎರಡು ನಿಮಿಷ, ನಾಲ್ಕು ನಿಮಿಷ ಹೀಗೆ ಅಂತರ ಹೆಚ್ಚಿಸುತ್ತಾ ಹೋಗಿ. ತಪ್ಪಿದರೆ ಉತ್ತರ ಹೇಳಿಕೊಟ್ಟು ಹಿಂದಿನ ಅಂತರಕ್ಕೆ ಮರಳಿ. ಕ್ಯಾಂಪ್ ಅವರು ಈ ಉಪಾಯದ ಮೇಲೂ ಬಹಳ ಕೆಲಸ ಮಾಡಿದ್ದಾರೆ.

ಭಾಷೆಯ ಕುರಿತೂ ಒಂದು ಮಾತು. ಒಂದಕ್ಕಿಂತ ಹೆಚ್ಚು ಭಾಷೆಯಾಡುವವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂತು. ಅನಕ್ಷರಸ್ಥರಲ್ಲೂ ಈ ಅಂತರ ಕಂಡಿತು. ಮನೆಯಲ್ಲಿ ದಖ್ಖನಿ ಅಥವಾ ಬ್ಯಾರಿ, ಬೀದಿಯಲ್ಲಿ ಕನ್ನಡ ಆಡಿ ಬೆಳೆದ ನಮ್ಮ ಹಿರಿಯರ ಪಾಲಿಗೆ ಇದು ಸಂಪತ್ತು. ಆದರೆ ಕಾಯಿಲೆ ಬೆಳೆದಂತೆ ಅನೇಕರಲ್ಲಿ ನಂತರ ಕಲಿತ ಭಾಷೆಗಳು ಮಸುಕಾಗಿ ಮೊದಲ ಭಾಷೆಯೇ ಉಳಿಯುತ್ತದೆ. ಮೊಮ್ಮಕ್ಕಳಿಗೆ ಇಂಗ್ಲಿಷ್ ಮಾತ್ರ ಕಲಿಸಿದ ಮನೆಯಲ್ಲಿ ಆ ಅಜ್ಜಿ ಯಾರೊಂದಿಗೆ ಮಾತನಾಡಬೇಕು?

ಇನ್ನು ಈದ್ ಹಬ್ಬಕ್ಕೆ ಬರುವ ಬಂಧುಗಳಿಗೊಂದು ವಿನಂತಿ. “ನಾನು ಯಾರು ಹೇಳಿ ನೋಡೋಣ” ಎಂದು ಹಿರಿಯರನ್ನು ಪರೀಕ್ಷಿಸಬೇಡಿ. ಅವರು ಉತ್ತರಿಸಲಾಗದೆ ನಗುತ್ತಾರೆ, ಆ ನಗುವಿನ ಹಿಂದೆ ಎಷ್ಟು ಅವಮಾನವಿದೆಯೆಂದು ನಾವು ನೋಡುವುದಿಲ್ಲ. ಸಲಾಮ್ ಹೇಳಿ, “ನಾನು ನಿಮ್ಮ ತಂಗಿಯ ಮಗ” ಎಂದು ನೀವೇ ಪರಿಚಯಿಸಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮಕ್ಕಳ ಪದ್ಧತಿಯಿಂದ ಬಂದುದೆಂದು ಹಿರಿಯರನ್ನು ಮಕ್ಕಳನ್ನಾಗಿ ಮಾಡಬೇಡಿ. ಪ್ಲಾಸ್ಟಿಕ್ ಆಟಿಕೆ ಕೊಡುವುದು, ಮುದ್ದು ಮಾತಿನಲ್ಲಿ ಗದರುವುದು ಸಲ್ಲದು. ವೃದ್ಧಾಪ್ಯಕ್ಕೆ ತಲುಪಿದ ಹೆತ್ತವರೆದುರು ಬೇಸರದ ಒಂದು ಉದ್ಗಾರವೂ ಸಲ್ಲದೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಎಲ್ಲವನ್ನೂ ಅರಿತಿದ್ದ ಮನುಷ್ಯನು ಏನನ್ನೂ ಅರಿಯದವನಾಗುವ ಪ್ರಾಯದ ಕುರಿತೂ ಅದರಲ್ಲಿ ಪ್ರಸ್ತಾಪವಿದೆ. ಆ ಪ್ರಾಯಕ್ಕೆ ಮುಟ್ಟಿದವರು ತಂದೆಯಾಗಿಯೇ ಉಳಿಯುತ್ತಾರೆ, ತಾಯಿಯಾಗಿಯೇ ಉಳಿಯುತ್ತಾರೆ. ಹಾಗೆಯೇ ಸುರಕ್ಷೆಯ ಹೆಸರಿನಲ್ಲಿ ಹೊರಗಿನಿಂದ ಬೀಗ ಜಡಿಯಬೇಡಿ. ಬೆಂಕಿ ಬಿದ್ದರೆ ಅವರು ಹೊರಬರುವುದು ಹೇಗೆ? ಗ್ಯಾಸ್, ಔಷಧಿ, ಚೂರಿಗಳನ್ನು ಭದ್ರವಾಗಿಡಿ. ಹೆಸರು ಮತ್ತು ಮನೆಯವರ ದೂರವಾಣಿ ಸಂಖ್ಯೆಯ ಚೀಟಿಯನ್ನು ಜೇಬಿನಲ್ಲಿರಿಸಿ. ಕಾವಲುಗಾರರಿಗೂ ಮಸೀದಿಯ ಇಮಾಮರಿಗೂ ವಿಷಯ ತಿಳಿಸಿಡಿ.

ಹೊಣೆ ಯಾರದು?

ಇದೆಲ್ಲವನ್ನೂ ಮಾಡುವವರು ಯಾರು? ನಮ್ಮ ಸಮಾಜದಲ್ಲಿ ಮಗ ಸೇವೆಯ ಪುಣ್ಯದ ಕುರಿತು ಭಾಷಣ ಕೇಳುತ್ತಾನೆ, ಸೊಸೆ ಸೇವೆ ಮಾಡುತ್ತಾಳೆ. ಹೆತ್ತವರ ಹೊಣೆ ಮೊದಲು ಹೆತ್ತ ಮಕ್ಕಳದ್ದು. ಬೇರೊಂದು ಮನೆಯಿಂದ ಬಂದ ಹೆಣ್ಣುಮಗಳು ಮಾಡುವುದು ಔದಾರ್ಯ, ಅದನ್ನು ಆಕೆಯ ಕರ್ತವ್ಯವೆಂದು ಹೇರಿ ಮಗನು ಮೊಬೈಲ್ ಹಿಡಿದು ಕೂರುವುದು ಅನ್ಯಾಯ. ನಮ್ಮ ಮನೆಯಲ್ಲಿ ಕಳ್ಳತನದ ಆರೋಪ ಹೊತ್ತುಕೊಂಡೂ ಮಾವನ ಬಟ್ಟೆ ಒಗೆದವರು ಸೊಸೆಯೇ. ಆಕೆ ಒಂದು ರಾತ್ರಿ ನಿದ್ದೆ ಮಾಡಲೆಂದು ನಾವು ಎದ್ದು ಕುಳಿತದ್ದು ಬಹಳ ತಡವಾಗಿ.

ಕುಟುಂಬದ ಹೊಣೆಯ ಜೊತೆಗೆ ಸಮಾಜದ ಮತ್ತು ಸರಕಾರದ ಹೊಣೆಯೂ ಇದೆ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯು ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ಜೀವನಾಂಶದಿಂದ ಊಟ ಸಿಗುತ್ತದೆ, ಹಗಲಿನ ಒಡನಾಟ ಸಿಗುವುದಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ನೌಕರನ ಮಗುವನ್ನು ನೋಡಿಕೊಳ್ಳಲು ವ್ಯವಸ್ಥೆ ಬೇಕೆಂದು ಒಪ್ಪಿದ ಕಾನೂನಿಗೆ ಆತನ ತಾಯಿಯನ್ನು ಹಗಲು ನೋಡಿಕೊಳ್ಳಬೇಕಾದ ಅಗತ್ಯ ಕಾಣಲಿಲ್ಲ. 2013ರ ಕಂಪೆನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪೆನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಆ ಹಣವನ್ನು ಬಳಸಬಹುದಾದ ಕಾರ್ಯಗಳ ಪಟ್ಟಿಯಲ್ಲಿ ಹಿರಿಯ ನಾಗರಿಕರ ಹಗಲು ಆರೈಕೆ ಕೇಂದ್ರಗಳ ಹೆಸರು ಸ್ಪಷ್ಟವಾಗಿದೆ. ಗಾಜಿನ ಗೋಪುರಗಳಿಂದ ತುಂಬಿದ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಇದನ್ನು ಕೇಳುವ ಹಕ್ಕು ಅಲ್ಲಿನ ನೌಕರರಿಗಿದೆ. ಇದು ಒಂದು ಸಮುದಾಯದ ಬೇಡಿಕೆಯಲ್ಲ, ಎಲ್ಲ ಧರ್ಮದ ಮನೆಗಳಲ್ಲೂ ಇಂತಹ ಹಿರಿಯರಿದ್ದಾರೆ.

ಬೆಂಗಳೂರಿನಲ್ಲಿ ದಾರಿ ತೋರಿದವರಿಲ್ಲವೆಂದಲ್ಲ. 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಡಿಮೆನ್ಶಿಯಾ ಆರೈಕೆಯ ಕೇಂದ್ರವನ್ನು ತೆರೆಯಿತು. ಅದು ನಗರ ಪೊಲೀಸರ ಜೊತೆಗೂಡಿ 2002ರಲ್ಲಿ ಹಿರಿಯರಿಗಾಗಿ 1090 ಸಹಾಯವಾಣಿಯನ್ನೂ ಆರಂಭಿಸಿತ್ತು. ನಿಮ್ಹಾನ್ಸ್‌ನಲ್ಲಿ ಹಿರಿಯರ ಚಿಕಿತ್ಸಾ ವಿಭಾಗವಿದೆ. ಕರ್ನಾಟಕ ಸರಕಾರವು ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆಯನ್ನು ಆರಂಭಿಸಿ ಜಯನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಚಿಕಿತ್ಸಾಲಯ ತೆರೆಯಿತು. ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567 ಮತ್ತು ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಆದರೆ ಪೀಣ್ಯದ ಬಾಡಿಗೆ ಮನೆಯಿಂದ ಮರೆವಿನ ತಾಯಿಯನ್ನು ದಿನವೂ ನಗರದ ಇನ್ನೊಂದು ಮೂಲೆಗೆ ಕರೆದೊಯ್ಯಲು ಕೂಲಿ ಕಾರ್ಮಿಕನಿಗೆ ಸಾಧ್ಯವೇ?

ಆದುದರಿಂದ ನಮ್ಮ ಜಮಾಅತ್ ಸಮಿತಿಗಳ ಮುಂದೆ ನಾವು ಒಂದು ಪ್ರಸ್ತಾವವನ್ನಿಡುತ್ತೇವೆ. ಅನೇಕ ಮದ್ರಸಗಳ ಕೊಠಡಿಗಳು ಬೆಳಗಿನ ತರಗತಿಯ ನಂತರ ಸಾಯಂಕಾಲದವರೆಗೆ ಬೀಗ ಹಾಕಿರುತ್ತವೆ. ವಾರದಲ್ಲಿ ಮೂರು ದಿನ, ಹತ್ತು ಗಂಟೆಯಿಂದ ಮಧ್ಯಾಹ್ನದವರೆಗೆ ಒಂದು ಕೊಠಡಿಯನ್ನು ಇಂತಹ ಹಿರಿಯರಿಗಾಗಿ ತೆರೆಯೋಣ. ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕ ಏರ್ಪಾಡಿರಲಿ. ನೆರೆಯ ಸಹೋದರ ಧರ್ಮೀಯರ ಹಿರಿಯರಿಗೂ ಬಾಗಿಲು ತೆರೆದಿರಲಿ. ತರಬೇತಾದ ಒಬ್ಬ ಸಹೋದರಿ, ಇಬ್ಬರು ಸ್ವಯಂಸೇವಕರು, ಹತ್ತು ತಟ್ಟೆ, ಒಂದಿಷ್ಟು ನಿಜವಾದ ಕೆಲಸ ಇದ್ದರೆ ಆರಂಭಕ್ಕೆ ಸಾಕು. ಇಫ್ತಾರ್‌ಗೆ ಖರ್ಜೂರವನ್ನು ತಟ್ಟೆಗಳಿಗೆ ಹಂಚುವುದು, ಮದ್ರಸದ ಪುಸ್ತಕಗಳಿಗೆ ರಟ್ಟು ಹಾಕುವುದು, ಸಾದಾ ಟೋಪಿಗಳನ್ನು ಮಡಚಿಡುವುದು ಇವೆಲ್ಲ ಅವರು ಮಾಡಬಲ್ಲ ಕೆಲಸಗಳೇ. ಆ ಮೂರು ಗಂಟೆ ಮನೆಯ ಸೊಸೆಗೂ ಉಸಿರಾಡಲು ಸಿಗುತ್ತದೆ.

ಮುಗಿಸುವ ಮುನ್ನ ನಿಮ್ಮಿಂದ ಒಂದೇ ಒಂದನ್ನು ಕೇಳುತ್ತೇವೆ. ಇಂದು ಮನೆಗೆ ಹೋದ ಮೇಲೆ ನಿಮ್ಮ ತಂದೆಯೋ ತಾಯಿಯೋ ನೀರಿನ ಹೂಜಿಗೆ ಕೈ ಹಾಕಿದರೆ ತಡೆಯಬೇಡಿ. ಹೂಜಿಯಲ್ಲಿ ಅರ್ಧ ನೀರು ಮಾತ್ರ ಇರಲಿ, ಪಕ್ಕದಲ್ಲಿ ಒರೆಸುವ ಬಟ್ಟೆಯಿರಲಿ. ಅವರು ಸುರಿಯಲಿ. ಸಾಧ್ಯವಾದರೆ ನಿಮ್ಮ ಲೋಟವನ್ನೂ ಮುಂದೆ ಹಿಡಿದು, “ನನಗೂ ಸ್ವಲ್ಪ ಕೊಡಿ” ಎಂದು ಕೇಳಿ. ನಮ್ಮ ತಂದೆಯವರಿಗೆ ನಾವು ಈ ಮಾತನ್ನು ಹೇಳಲು ಕಲಿಯುವಾಗ ಎರಡು ವರ್ಷ ಕಳೆದಿತ್ತು. ನಿಮಗೆ ಅಷ್ಟು ತಡವಾಗದಿರಲಿ. ಅಲ್ಲಾಹನು ನಮ್ಮೆಲ್ಲರ ಹೆತ್ತವರ ಮೇಲೆ ಕರುಣೆ ತೋರಲಿ, ಅವರ ವೃದ್ಧಾಪ್ಯದಲ್ಲಿ ನಮಗೆ ತಾಳ್ಮೆಯನ್ನೂ ತಿಳುವಳಿಕೆಯನ್ನೂ ಅನುಗ್ರಹಿಸಲಿ.